ಸಂಜೆ ಐದು ಗಂಟೆಯ ಹಸಿವು

(ನಮ್ಮ ಉಚಿತ ವಾಚನಾಲಯದ ಪಾಲಕರ ಸಭೆಯಲ್ಲಿ ಮಕ್ಕಳ ವಿಭಾಗದ ಸ್ವಯಂಸೇವಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ, ಉಪಾಧ್ಯಾಯನೂ ಅಲ್ಲ. ಭಿವಂಡಿಯ ಒಂದು ಬಟ್ಟೆ ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಓದಿದ್ದು ಮೆಟ್ರಿಕ್‌ವರೆಗೆ. ವಾರದಲ್ಲಿ ಎರಡು ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಈ ವಾಚನಾಲಯದ ಮಕ್ಕಳ ಕಪಾಟಿನ ಕೀಲಿಕೈ ನನ್ನ ಬಳಿ ಇರುತ್ತದೆ. ಇಲ್ಲಿ ನಿಂತು ಮಾತನಾಡಲು ನನಗಿರುವ ಅಧಿಕಾರ ಅಷ್ಟೇ. ತಪ್ಪಿದ್ದರೆ ಹಿರಿಯರು ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಕಳೆದ ತಿಂಗಳು ಪುಸ್ತಕಗಳನ್ನು ಎಣಿಸಿ ಪಟ್ಟಿ ಮಾಡುವಾಗ ಮಕ್ಕಳ ಕಪಾಟಿನ ಹನ್ನೊಂದು ಪುಸ್ತಕಗಳಲ್ಲಿ ಎಣ್ಣೆಯ ಕಲೆ ಕಂಡುಬಂತು. ಕೆಲವು ಹಾಳೆಗಳ ಮೇಲೆ ಕೆಂಪು ಮಸಾಲೆಯ ಬೆರಳಿನ ಗುರುತು. ಒಂದು ಪುಸ್ತಕದ ನಡುವೆ, ಓದಿದ ಜಾಗ ತಿಳಿಯಲೆಂದು, ಚಿಪ್ಸಿನ ಖಾಲಿ ಪುಡಿಕೆಯನ್ನೇ ಮಡಿಸಿ ಇಟ್ಟಿದ್ದರು. ಈ ವಿಷಯ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಸಂಜೆ ಏಳು ಗಂಟೆಯ ಮೊದಲು ಪ್ರವೇಶ ಬೇಡವೆಂಬ ಸೂಚನೆ ಬಂತು. ಸೂಚನೆ ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಈ ಪುಸ್ತಕಗಳು ನಮ್ಮ ಜನರ ವಂತಿಗೆಯಿಂದ ಬಂದವು, ಅವುಗಳ ಮೇಲಿನ ಕಾಳಜಿ ನ್ಯಾಯವಾದದ್ದು. ಆದರೆ ನಿರ್ಣಯಕ್ಕೆ ಮುಂಚೆ ನನ್ನ ಮಾತಿಗೆ ಅವಕಾಶ ಕೇಳಿಕೊಂಡೆ. ಏಕೆಂದರೆ ಆ ಹನ್ನೊಂದು ಪುಸ್ತಕಗಳಲ್ಲಿ ಎರಡು ನನ್ನ ಮಗಳ ಹೆಸರಿನಲ್ಲಿ ಹೋಗಿದ್ದವು. ಆ ಕಲೆಯಲ್ಲಿ ನನ್ನ ಪಾಲೂ ಇದೆ.

ನನ್ನ ಮಗಳಿಗೆ ಎಂಟು ವರ್ಷ. ಶಾಲೆ ಬಿಡುವುದು ಐದು ಗಂಟೆಗೆ. ನಾನು ಗಿರಣಿಯಿಂದ ಬರುವಾಗ ಏಳು. ಅವಳ ತಾಯಿ ಉಡುಪು ತಯಾರಿಸುವ ಕಾರ್ಖಾನೆಯಿಂದ ಬರುವಾಗ ಏಳೂವರೆ. ಮನೆಗೆ ಬೀಗ. ಹೀಗಾಗಿ ಅವಳು ಐದೂವರೆಗೆ ವಾಚನಾಲಯ ತೆರೆಯುವುದನ್ನೇ ಕಾದು, ಇಲ್ಲಿ ಬಂದು ಕೂರುತ್ತಾಳೆ. ಇಲ್ಲಿ ಕುಳಿತಿರುವ ಎಷ್ಟೋ ಮನೆಗಳ ಕಥೆಯೂ ಇದೇ. ನಮ್ಮ ಮಕ್ಕಳಿಗೆ ಇದು ಓದುವ ಮನೆ ಮಾತ್ರವಲ್ಲ, ತಂದೆತಾಯಿ ಬರುವವರೆಗಿನ ನೆರಳು.

ಬೆಳಿಗ್ಗೆ ಹೊರಡುವಾಗ ನಾನು ಅವಳ ಕೈಯಲ್ಲಿ ಇಪ್ಪತ್ತು ರೂಪಾಯಿ ಇಡುತ್ತಿದ್ದೆ. ಸಂಜೆ ಏನಾದರೂ ತಿನ್ನಲೆಂದು. ಅದನ್ನು ನಾನು ಪ್ರೀತಿಯೆಂದೇ ತಿಳಿದಿದ್ದೆ. ನಮ್ಮ ಬಾಲ್ಯದಲ್ಲಿ ಸಿಗದ ನಾಣ್ಯ ನನ್ನ ಮಗುವಿಗೆ ಸಿಗಲಿ ಎಂಬ ಹೆಮ್ಮೆಯೂ ಒಳಗಿತ್ತು.

ಒಂದು ದಿನ ಸರಕಾರದ ಮಕ್ಕಳ ಆರೋಗ್ಯ ತಪಾಸಣೆಯ ತಂಡ ಶಾಲೆಗೆ ಬಂತು. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಮಗಳ ಕೈಯಲ್ಲಿ ಒಂದು ಚೀಟಿ ಕೊಟ್ಟು ಆಸ್ಪತ್ರೆಗೆ ತೋರಿಸಿರೆಂದು ಕಳುಹಿಸಿದ್ದರು. ಅಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 9.8 ಎಂದು ಬಂತು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಅದು 11.5ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಹಲ್ಲು ನಾಲ್ಕು ಹುಳುಕು. ನಾನು ವೈದ್ಯರಿಗೆ, ‘ಅದು ಹೇಗೆ, ಅವಳು ಒಣಗಿದ ಮಗುವಲ್ಲವಲ್ಲ, ಕೆನ್ನೆ ತುಂಬಿಕೊಂಡೇ ಇದೆ’ ಎಂದೆ. ಅವರು ಹೇಳಿದ್ದು ಇಷ್ಟು: ‘ಹೊಟ್ಟೆ ತುಂಬಿದೆ, ಆದರೆ ಶರೀರಕ್ಕೆ ಬೇಕಾದದ್ದು ಬಂದಿಲ್ಲ.’ ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಇದು ನನ್ನ ಮನೆಯೊಂದರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಮಿತಿಮೀರಿ ತೂಕವಿರುವ ಮಕ್ಕಳ ಪ್ರಮಾಣ ಹಿಂದಿನ ಸಮೀಕ್ಷೆಯ 2.1ರಿಂದ 3.4ಕ್ಕೆ ಏರಿದೆ. ವಿಶ್ವಸಂಸ್ಥೆಯ ಮಕ್ಕಳ ನಿಧಿ 2025ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನಲ್ಲಿ ಐದರಿಂದ ಹತ್ತೊಂಬತ್ತು ವರ್ಷದವರಲ್ಲಿ ಬೊಜ್ಜಿನವರ ಸಂಖ್ಯೆ ಮೊದಲ ಬಾರಿಗೆ ತೂಕ ಕಡಿಮೆಯಿರುವವರ ಸಂಖ್ಯೆಯನ್ನು ಮೀರಿತು. ಬಡತನದ ಕೊರತೆಯೂ ಅಂಗಡಿಯ ಅತಿರೇಕವೂ ಈಗ ಒಂದೇ ತಟ್ಟೆಯಲ್ಲಿ ಬಂದು ಕುಳಿತಿವೆ ಎಂದು ಇದರ ಅರ್ಥ.

ಗುಮಾಸ್ತನಿಗೆ ತಿಳಿದದ್ದು ಲೆಕ್ಕ ಬರೆಯುವುದೊಂದೇ. ಆದುದರಿಂದ ಒಂದು ಹಳೆಯ ವಹಿಯಲ್ಲಿ ಮಗಳ ಒಂದು ವಾರದ ಲೆಕ್ಕ ಬರೆದೆ. ಬೈಯುವುದಿಲ್ಲವೆಂದು ಮಾತು ಕೊಟ್ಟು, ಅವಳನ್ನೇ ಕೇಳಿ ಬರೆದೆ. ಸೋಮವಾರ ಚಿಪ್ಸ್ ಮತ್ತು ಒಂದು ಬಣ್ಣದ ಪಾನೀಯ. ಮಂಗಳವಾರ ವಡಾಪಾವ್. ಬುಧವಾರ ನಾಲ್ಕು ಗೆಳತಿಯರು ಸೇರಿ ಚೈನೀಸ್ ಭೇಳ್. ಗುರುವಾರ ಕ್ರೀಮ್ ಬಿಸ್ಕಿಟು ಮತ್ತು ಚಿಪ್ಸ್. ಶುಕ್ರವಾರ ಹಸಿ ನೂಡಲ್ಸನ್ನೇ ಮುರಿದು ಮಸಾಲೆ ಉದುರಿಸಿಕೊಂಡು ತಿಂದದ್ದು. ಶನಿವಾರ ಮತ್ತೆ ವಡಾಪಾವ್. ಆರು ದಿನಕ್ಕೆ 120 ರೂಪಾಯಿ, ತಿಂಗಳಿಗೆ ಐನೂರಕ್ಕೂ ಮೇಲೆ. ಅದರ ಪಕ್ಕದಲ್ಲೇ ರಾತ್ರಿಯ ಊಟದ ಲೆಕ್ಕ ಬರೆದೆ: ಆರರಲ್ಲಿ ಐದು ದಿನ ತಟ್ಟೆಯಲ್ಲಿ ಅರ್ಧ ಬಿಟ್ಟಿದ್ದಳು.

ಆ ಎರಡು ಕಾಲಗಳನ್ನು ಎದುರುಬದುರಾಗಿ ನೋಡಿದಾಗ ನನಗೆ ಹೊಳೆದದ್ದು ಇದು. ಮಗು ಮಧ್ಯಾಹ್ನ ಒಂದಕ್ಕೆ ಊಟ ಮಾಡುತ್ತದೆ. ನಮ್ಮ ಮನೆಯಲ್ಲಿ ರಾತ್ರಿಯ ಊಟ ಒಂಬತ್ತಕ್ಕೆ. ನಡುವೆ ಎಂಟು ಗಂಟೆ. ದೊಡ್ಡವರಾದ ನಾವೇ ಗಿರಣಿಯಲ್ಲಿ ನಾಲ್ಕು ಗಂಟೆಗೆ ಚಹಾದ ದಾರಿ ಕಾಯುತ್ತೇವೆ. ಸಂಜೆ ಐದು ಗಂಟೆಗೆ ಆ ಮಗುವಿಗೆ ಆಗುವುದು ಚಪಲವಲ್ಲ, ನಿಜವಾದ ಹಸಿವು. ಆ ಹಸಿವಿನ ಹೊತ್ತಿಗೆ ಸರಿಯಾಗಿ ಶಾಲೆಯ ಬಾಗಿಲ ಬಳಿ ನಿಂತಿರುವವನು ಅಂಗಡಿಯವನು. ನಾವಲ್ಲ. ಅವನು ಗೆಲ್ಲುವುದರಲ್ಲಿ ಆಶ್ಚರ್ಯವೇನು?

ಇನ್ನು ಆ ತಿಂಡಿಗಳಲ್ಲಿ ಏನಿದೆ ಎಂದು ನೋಡೋಣ. ಅಂಗಡಿಯಲ್ಲಿ ನಾನೇ ನಿಂತು ಪುಡಿಕೆಯ ಹಿಂಬದಿಯ ಸಣ್ಣಕ್ಷರ ಓದಿದೆ. ನೂಡಲ್ಸಿನ ಒಂದು ಪುಡಿಕೆಯಲ್ಲಿ 800 ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ ಇತ್ತು. 400 ಮಿಲಿಗ್ರಾಂ ಸೋಡಿಯಂ ಎಂದರೆ ಸುಮಾರು ಒಂದು ಗ್ರಾಂ ಉಪ್ಪು. ಅಂದರೆ ಒಂದು ಪುಡಿಕೆಯಲ್ಲಿ ಎರಡು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಬಣ್ಣದ ಪಾನೀಯದಲ್ಲಿ ನೂರು ಮಿಲಿಲೀಟರಿಗೆ ಸುಮಾರು ಹತ್ತು ಗ್ರಾಂ ಸಕ್ಕರೆ. 250 ಮಿಲಿಲೀಟರಿನ ಬಾಟಲಿಯಲ್ಲಿ ಇಪ್ಪತ್ತೈದು ಗ್ರಾಂ, ಅಂದರೆ ಐದು ಚಹಾ ಚಮಚ. ಮನೆಯಲ್ಲಿ ಒಂದು ಲೋಟ ನೀರಿಗೆ ಐದು ಚಮಚ ಸಕ್ಕರೆ ಹಾಕಿ ಮಗುವಿಗೆ ಕೊಡುವ ತಾಯಿ ಇಲ್ಲಿ ಯಾರಾದರೂ ಇದ್ದಾರೆಯೇ? ಬಾಟಲಿಯಲ್ಲಿ ತಣ್ಣಗೆ ಮಾಡಿ ಕೊಟ್ಟರೆ ನಾವೇ ಹಣ ಕೊಟ್ಟು ತರುತ್ತೇವೆ.

ರಸ್ತೆಯ ಕರಿದ ತಿಂಡಿಯಲ್ಲಿ ಇನ್ನೊಂದು ಮಾತಿದೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದು ಕೆಡುತ್ತದೆ. ಎಷ್ಟು ಕೆಟ್ಟ ಮೇಲೆ ಅದನ್ನು ಬಳಸಬಾರದು ಎಂಬುದಕ್ಕೆ 2018ರಿಂದ ನಮ್ಮ ದೇಶದಲ್ಲಿ ಕಾನೂನಿನ ಮಿತಿಯೇ ಇದೆ. ಆದರೆ ಕಾನೂನು ಪ್ರತಿ ಬಾಣಲೆಯ ಬಳಿ ನಿಂತಿರಲಾರದು.

ಈ ಮಾತು ಹೇಳುವಾಗ ನನ್ನ ತಂದೆಯವರ ನೆನಪಾಗುತ್ತದೆ. ಅವರು ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು. ಮುಂದೆ ಅಡುಗೆಮನೆಗೆ ಬಡ್ತಿ ಸಿಕ್ಕಿತು. ದಿನಕ್ಕೆ ನೂರಾರು ವಡೆ ಕರಿಯುತ್ತಿದ್ದ ಅವರು ಮನೆಗೆ ಒಂದು ವಡೆಯನ್ನೂ ತರುತ್ತಿರಲಿಲ್ಲ. ‘ಮಗಾ, ಬಾಣಲೆಯ ಎಣ್ಣೆ ಎಷ್ಟು ಸಲ ಕಾದದ್ದು ಅಂತ ಕರಿಯುವವನಿಗೆ ಗೊತ್ತು’ ಎನ್ನುತ್ತಿದ್ದರು. ಮನೆಯಲ್ಲಿ ನಮಗೆ ಸಂಜೆ ಸಿಗುತ್ತಿದ್ದುದು ಕುಚ್ಚಲಕ್ಕಿಯ ಗಂಜಿ, ಇಲ್ಲವೆ ಕಾಯಿತುರಿ ಬೆರೆಸಿದ ಅವಲಕ್ಕಿ. ಆಗ ಅದು ನಮಗೆ ಬಡತನದ ತಿಂಡಿಯಾಗಿ ಕಂಡಿತ್ತು.

ಈ ಊರಿಗೆ ಅನ್ನವಿಟ್ಟ ಕೈಗಳಲ್ಲಿ ಕನ್ನಡಿಗರ ಕೈ ದೊಡ್ಡದು. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಿಂದ ಹಿಡಿದು ರೈಲು ನಿಲ್ದಾಣಗಳೆದುರಿನ ಸಣ್ಣ ಹೋಟೆಲುಗಳವರೆಗೆ ನಮ್ಮವರು ಇಡ್ಲಿ, ಸಾರು, ಪಲ್ಯ, ಮಜ್ಜಿಗೆ ಬಡಿಸಿದರು. ಇಲ್ಲಿ ಕುಳಿತಿರುವ ಹಲವರು ಇಂದಿಗೂ ಹೋಟೆಲಿನಲ್ಲೇ ದುಡಿಯುವವರು. ಪರರ ಮಕ್ಕಳಿಗೆ ಹೊತ್ತು ಹೊತ್ತಿಗೆ ಬಡಿಸುವ ನಾವು ನಮ್ಮ ಮಕ್ಕಳ ಸಂಜೆಯ ಹೊತ್ತನ್ನು ಮಾತ್ರ ಪುಡಿಕೆಯ ವಶಕ್ಕೆ ಬಿಟ್ಟಿದ್ದೇವೆ.

ಹಾಗೆಂದು ಗಾಡಿಯವನನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ನಮ್ಮ ಓಣಿಯ ಗಾಡಿಯವನೂ ನಮ್ಮ ಹಾಗೆ ಊರು ಬಿಟ್ಟು ಬಂದವನೇ. ವಡಾಪಾವ್ ಹುಟ್ಟಿದ್ದು 1960ರ ದಶಕದಲ್ಲಿ ದಾದರ್ ನಿಲ್ದಾಣದ ಬಳಿ ಎನ್ನುತ್ತಾರೆ. ಪರೇಲ್, ಲಾಲ್‌ಬಾಗ್ ಗಿರಣಿಗಳ ಕಾರ್ಮಿಕರಿಗೆ ಅದು ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದಾದ ಅಗ್ಗದ ಆಹಾರವಾಗಿತ್ತು. 1982ರ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಎಂಟು ಗಂಟೆ ಮಗ್ಗದ ಮುಂದೆ ನಿಂತು ಬೆವರು ಸುರಿಸಿದವನ ಹೊಟ್ಟೆಗೆ ಆ ಆಲೂಗಡ್ಡೆ, ಮೈದಾ, ಎಣ್ಣೆ ಕರಗುತ್ತಿತ್ತು. ದಿನವಿಡೀ ಬೆಂಚಿನ ಮೇಲೆ ಕುಳಿತು, ಸಂಜೆ ಮೊಬೈಲಿನ ಮುಂದೆ ಕೂರುವ ಎಂಟು ವರ್ಷದ ಮಗುವಿಗೆ ಅದು ದಿನನಿತ್ಯದ ಆಹಾರವಾಗಲಾರದು. ದೋಷ ವಡಾಪಾವಿನದಲ್ಲ, ದಿನನಿತ್ಯದ್ದು.

ನಾವು ಮನೆಯಲ್ಲಿ ಏನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ಮೊದಲು ಮಾಡಿದ್ದು ತಪ್ಪು. ಮರುದಿನದಿಂದ ಹಣ ಕೊಡುವುದನ್ನು ನಿಲ್ಲಿಸಿ, ‘ಇನ್ನು ಹೊರಗಿನದ್ದು ಮುಟ್ಟಿದರೆ ನೋಡು’ ಎಂದು ಗದರಿಸಿದೆ. ಹದಿನೈದು ದಿನ ಎಲ್ಲ ಸರಿಯಾಗಿದೆ ಎಂದೇ ತಿಳಿದಿದ್ದೆ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯವನ ಉದ್ರಿ ಪುಸ್ತಕ ನೋಡಿದಾಗ ನನ್ನ ಹೆಸರಿನ ಕೆಳಗೆ ಹತ್ತು ಹತ್ತರಂತೆ ಒಂಬತ್ತು ನಮೂದುಗಳು. ನನಗೆ ತಿಳಿಯದ ತೊಂಬತ್ತು ರೂಪಾಯಿ. ಮನೆಗೆ ಬಂದು ಕೇಳಿದರೆ ಮಗು ಅಳುತ್ತಾ, ‘ಅಪ್ಪಾ, ಹೊಟ್ಟೆ ಹಸಿದಿತ್ತು’ ಎಂದಿತು. ಹಸಿವನ್ನು ನಿಷೇಧಿಸಲಾಗದು ಎಂದು ಅಂದು ಕಲಿತೆ. ನಾನು ನಾಣ್ಯವನ್ನು ಕಿತ್ತುಕೊಂಡೆ, ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಆಗ ಮಗು ಸುಳ್ಳನ್ನು ಕಲಿಯಿತು.

ಎರಡನೆಯ ಸಲ ಬೇರೆ ದಾರಿ ಹಿಡಿದೆವು. ಶಾಲೆಯ ಚೀಲದಲ್ಲಿ ಊಟದ ಡಬ್ಬದ ಜೊತೆಗೆ ಇನ್ನೊಂದು ಸಣ್ಣ ಡಬ್ಬ. ಅದನ್ನು ತೆರೆಯುವ ಹೊತ್ತು ಐದು ಗಂಟೆ. ಬೆಳಿಗ್ಗೆ ಮಾಡಿದ ಉಸಲಿ, ಉಪ್ಪಿಟ್ಟು ಈ ಊರಿನ ಸೆಕೆಗೆ ಸಂಜೆಯೊಳಗೆ ಹಳಸುತ್ತವೆ. ಆದುದರಿಂದ ಡಬ್ಬಕ್ಕೆ ಒಣ ತಿಂಡಿ ಮಾತ್ರ. ಒಂದು ದಿನ ಹುರಿದ ಶೇಂಗಾ ಮತ್ತು ಹುರಿಗಡಲೆ. ಒಂದು ದಿನ ಹದವಾಗಿ ಒಗ್ಗರಣೆ ಹಾಕಿದ ಒಣ ಅವಲಕ್ಕಿ. ಒಂದು ದಿನ ರಾಗಿ ಹುರಿಹಿಟ್ಟಿನ ಉಂಡೆ. ಒಂದು ದಿನ, ಪಕ್ಕದ ಮನೆಯ ವಿಜಾಪುರದ ಅಕ್ಕ ಕಲಿಸಿಕೊಟ್ಟ ಹಾಗೆ, ಜೋಳದ ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ. ಜೊತೆಗೆ ಒಂದು ಬಾಳೆಹಣ್ಣು, ಇಲ್ಲವೆ ಆ ಋತುವಿನಲ್ಲಿ ಅಗ್ಗವಾಗಿ ಸಿಗುವ ಪೇರಲೆಯಂತಹ ಹಣ್ಣು. ಮತ್ತು ಕುಡಿಯುವ ನೀರು. ಲೆಕ್ಕ ಹಾಕಿದರೆ ದಿನಕ್ಕೆ ಹತ್ತರಿಂದ ಹನ್ನೆರಡು ರೂಪಾಯಿ. ಮೊದಲಿನ ಖರ್ಚಿನ ಸುಮಾರು ಅರ್ಧ.

ಅಗ್ಗವೆಂದು ಇವನ್ನು ಕೀಳೆಂದು ತಿಳಿಯಬೇಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ. ನಮ್ಮ ಮಕ್ಕಳು ನಾಚಿಕೊಂಡು ಮುಚ್ಚಿಟ್ಟು ತಿನ್ನುವ ರಾಗಿ, ಜೋಳ, ಸಜ್ಜೆಗಳಿಗಾಗಿ 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಶೇಂಗಾ, ಕಡಲೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ಬೆಲ್ಲವೂ ಸಕ್ಕರೆಯ ಬಂಧುವೇ. ಉಂಡೆ ಕಟ್ಟಲು ಬೇಕಾದಷ್ಟೇ ಸಾಕು.

ವೈದ್ಯರು ಹೇಳಿದ ಇನ್ನೊಂದು ಮಾತು ಚಹಾದ ಬಗ್ಗೆ. ನಮ್ಮ ಮನೆಯಲ್ಲಿ ಮಗುವಿಗೂ ಬೆಳಿಗ್ಗೆ ತಿಂಡಿಯ ಜೊತೆ ಅರ್ಧ ಲೋಟ ಚಹಾ ಕೊಡುವ ರೂಢಿಯಿತ್ತು. ಊಟ ತಿಂಡಿಯ ಜೊತೆ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಶರೀರಕ್ಕೆ ಸರಿಯಾಗಿ ಸೇರುವುದಿಲ್ಲ. ಬದಲಿಗೆ ಸೊಪ್ಪಿನ ಪಲ್ಯಕ್ಕೆ, ಕಾಳಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಹೆಚ್ಚು ಸೇರುತ್ತದೆ. ಚಹಾ ನಿಲ್ಲಿಸಿದೆವು, ಲಿಂಬೆ ತಂದೆವು.

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು, ಮಗಳ ರಕ್ತ ಏರಿದ್ದು ಡಬ್ಬವೊಂದರಿಂದಲೇ ಅಲ್ಲ. ವೈದ್ಯರು ಕೊಟ್ಟ ಕಬ್ಬಿಣದ ಔಷಧವನ್ನು ತಪ್ಪದೆ ಕೊಟ್ಟೆವು, ಜಂತುಹುಳದ ಮಾತ್ರೆ ಕೊಟ್ಟೆವು. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಈ ಮಾತ್ರೆ ಉಚಿತವಾಗಿ ಸಿಗುತ್ತದೆ. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ, ಹತ್ತು ದಾಟಿದವರಿಗೆ ನೀಲಿ ಬಣ್ಣದ್ದು ಕೊಡುವ ಸರಕಾರಿ ಯೋಜನೆಯೂ ಇದೆ. ಎಷ್ಟೋ ಮನೆಗಳಲ್ಲಿ ಹೆದರಿ ಅದನ್ನು ಬೇಡವೆನ್ನುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ, ಸಂದೇಹವಿದ್ದರೆ ವೈದ್ಯರನ್ನು ಕೇಳಿ. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿದಾಗ 11.7 ಬಂತು. ಆ ಚೀಟಿಯನ್ನು ನಾನು ವಹಿಯಲ್ಲಿ ಅಂಟಿಸಿ ಇಟ್ಟಿದ್ದೇನೆ.

ಅಭ್ಯಾಸ ಬದಲಾಗಲು ನಾವು ನಾಲ್ಕು ನಿಯಮ ಇಟ್ಟುಕೊಂಡೆವು.

ಒಂದನೆಯದು, ಏನು ತಿನ್ನುವುದು, ಯಾವಾಗ ತಿನ್ನುವುದು ಎಂಬುದನ್ನು ನಾವು ನಿರ್ಧರಿಸುತ್ತೇವೆ. ಎಷ್ಟು ತಿನ್ನುವುದು ಎಂಬುದನ್ನು ಮಗು ನಿರ್ಧರಿಸುತ್ತದೆ. ಬಲವಂತವಾಗಿ ತುರುಕುವುದಿಲ್ಲ. ಹೊಸ ತರಕಾರಿಯನ್ನು ಮೊದಲ ಸಲ ಉಗುಳಿದರೆ ಸೋತೆವೆಂದು ತಿಳಿಯುವುದಿಲ್ಲ. ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪವೇ ತಟ್ಟೆಯಲ್ಲಿ ಕಂಡ ಮೇಲೆ ನಾಲಿಗೆ ಒಗ್ಗುತ್ತದೆ. ನಮ್ಮ ಮನೆಯಲ್ಲಿ ಬಸಳೆಗೆ ಹಾಗೆಯೇ ಆಯಿತು, ಹಾಗಲಕಾಯಿಗೆ ಇನ್ನೂ ಆಗಿಲ್ಲ.

ಎರಡನೆಯದು, ತಿಂಡಿಯನ್ನು ಬಹುಮಾನ ಮಾಡುವುದಿಲ್ಲ. ‘ಊಟ ಮುಗಿಸಿದರೆ ಚಾಕೊಲೇಟು’ ಎಂದರೆ ಊಟ ಶಿಕ್ಷೆ, ಚಾಕೊಲೇಟು ಬಹುಮಾನ ಎಂದು ನಾವೇ ಕಲಿಸಿದಂತೆ. ಹಾಗೆಯೇ ಯಾವ ಮಗುವನ್ನೂ ದಪ್ಪ, ಕಡ್ಡಿ ಎಂದು ಅಣಕಿಸುವುದು ಬೇಡ. ನಾಚಿಕೆಪಟ್ಟ ಮಗು ಕಡಿಮೆ ತಿನ್ನುವುದಿಲ್ಲ, ಮುಚ್ಚಿಟ್ಟುಕೊಂಡು ತಿನ್ನುತ್ತದೆ.

ಮೂರನೆಯದು, ತಟ್ಟೆಯ ಮುಂದೆ ಮೊಬೈಲಿಲ್ಲ. ಇದು ಮಗುವಿಗಿಂತ ನನಗೇ ಕಷ್ಟವಾಯಿತು. ಊಟವನ್ನು ಒಂಬತ್ತರಿಂದ ಎಂಟೂವರೆಗೆ ತಂದೆವು. ಮಕ್ಕಳಿಗೆ ಆರರಿಂದ ಹನ್ನೆರಡು ವರ್ಷದವರೆಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ತಡವಾಗಿ ಮಲಗಿದ ಮಗು ಬೆಳಿಗ್ಗೆ ತಿನ್ನದೆ ಓಡುತ್ತದೆ, ಆ ಹಸಿವೆಲ್ಲ ಸಂಜೆಯ ಅಂಗಡಿಗೆ ಸೇರುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಿ ಆಡಬೇಕೆಂದೂ ವೈದ್ಯರು ಹೇಳುತ್ತಾರೆ. ನಮ್ಮ ಚಾಳುಗಳಲ್ಲಿ ಮೈದಾನವಿಲ್ಲ ನಿಜ. ಕುಂಟೆಬಿಲ್ಲೆಗೆ, ಹಗ್ಗ ಹಾರುವುದಕ್ಕೆ ಮೈದಾನ ಬೇಕಿಲ್ಲ.

ನಾಲ್ಕನೆಯದು, ವಾರಕ್ಕೊಮ್ಮೆ ಬಿಡುವು. ಭಾನುವಾರ ಸಂಜೆ ಮೂವರೂ ಒಟ್ಟಿಗೆ ಹೋಗಿ ಎದುರಿಗೇ ಕರಿದ ಬಿಸಿ ವಡಾಪಾವನ್ನೋ ಸೇವ್‌ಪುರಿಯನ್ನೋ ಸಂತೋಷವಾಗಿ ತಿನ್ನುತ್ತೇವೆ. ಕದ್ದು ತಿನ್ನುವ ಆರಕ್ಕಿಂತ ಕೂಡಿ ತಿನ್ನುವ ಒಂದು ಮೇಲು.

ಈಗ ವಾಚನಾಲಯದ ವಿಷಯಕ್ಕೆ ಬರುತ್ತೇನೆ. ನಾವು ಇಲ್ಲಿ ಮಕ್ಕಳಿಗೆ ಓದು ಕಲಿಸುತ್ತೇವೆ. ಆ ಓದು ಪುಡಿಕೆಯ ಹಿಂಬದಿಗೂ ಸಲ್ಲಬೇಕು. ಕಳೆದ ಎರಡು ಭಾನುವಾರ ನಾನು ಮಕ್ಕಳ ಕೈಗೆ ಖಾಲಿ ಪುಡಿಕೆಗಳನ್ನು ಕೊಟ್ಟು ಓದಿಸಿದೆ. ಕಾನೂನಿನಂತೆ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆಯಬೇಕು. ಹೆಚ್ಚು ಇರುವುದು ಮೊದಲು. ‘ಹಣ್ಣಿನ ಪಾನೀಯ’ದಲ್ಲಿ ಮೊದಲು ನೀರು, ಎರಡನೆಯದು ಸಕ್ಕರೆ, ಹಣ್ಣು ಮೂರನೆಯ ಸ್ಥಾನದಲ್ಲಿ ಎಂದು ಕಂಡಾಗ ಆರನೆಯ ತರಗತಿಯ ಒಬ್ಬ ಹುಡುಗ, ‘ಕಾಕಾ, ಮೋಸ!’ ಎಂದು ಕೂಗಿದ. ನನ್ನ ಹತ್ತು ಉಪದೇಶಗಳಿಗಿಂತ ಆ ಕೂಗು ಹೆಚ್ಚು ಕೆಲಸ ಮಾಡಿತು. ಇಂಗ್ಲಿಷ್ ಓದಲು ಬಾರದ ತಾಯಂದಿರಿಗೆ ಮಕ್ಕಳೇ ಓದಿ ಹೇಳಲಿ, ಅದೂ ಒಂದು ಪಾಠ.

ಶಾಲೆಗಳ ವಿಷಯದಲ್ಲೂ ನಮಗೆ ಬಲವಿದೆ. 2020ರ ಆಹಾರ ಸುರಕ್ಷತಾ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಬಾಗಿಲಿನಿಂದ ಐವತ್ತು ಮೀಟರಿನೊಳಗಾಗಲಿ ಮಾರುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿ ತನ್ನ ಶಾಲೆಗಳಿಗೆ ಸಕ್ಕರೆಯ ಪ್ರಮಾಣ ತಿಳಿಸುವ ಫಲಕ ಹಾಕಲು ಹೇಳಿತು. ನಮ್ಮ ಮಕ್ಕಳ ಶಾಲೆ ಯಾವ ಮಂಡಳಿಯದ್ದೇ ಇರಲಿ, ಪಾಲಕರ ಸಭೆಯಲ್ಲಿ ಎದ್ದು ವಿನಯದಿಂದ ಕೇಳಬಹುದು. ಬೇಯಿಸಿದ ಮೆಕ್ಕೆಜೋಳ, ಇಡ್ಲಿ ಮಾರಿದರೆ ನಾವೇ ಕೊಳ್ಳುತ್ತೇವೆ ಎಂದು ಗಾಡಿಯವನಿಗೂ ಹೇಳಬಹುದು. ನಮ್ಮ ಓಣಿಯವನು ಈಗ ಸಂಜೆ ಒಂದು ಪಾತ್ರೆ ಮೆಕ್ಕೆಜೋಳ ಇಡುತ್ತಾನೆ, ಉಳಿಯುವುದಿಲ್ಲ.

ಕೊನೆಯದಾಗಿ ಸಮಿತಿಯ ಮುಂದೆ ನನ್ನ ಬಿನ್ನಹ. ಮಕ್ಕಳನ್ನು ಏಳು ಗಂಟೆಯವರೆಗೆ ಹೊರಗಿಟ್ಟರೆ ಪುಸ್ತಕ ಉಳಿಯುತ್ತದೆ, ಮಗು ರಸ್ತೆಗೆ ಹೋಗುತ್ತದೆ. ಅದೇ ರಸ್ತೆಯಲ್ಲಿ ಅದೇ ಗಾಡಿ ಇದೆ. ಆದುದರಿಂದ ಬಾಗಿಲು ಮುಚ್ಚುವ ಬದಲು ವರಾಂಡದಲ್ಲಿ ಒಂದು ಚಾಪೆ ಹಾಕೋಣ. ಐದೂವರೆಯಿಂದ ಹದಿನೈದು ನಿಮಿಷ ಮಕ್ಕಳು ಅಲ್ಲಿ ಕುಳಿತು ತಮ್ಮ ಡಬ್ಬ ತಿನ್ನಲಿ. ಸಾಬೂನಿನಿಂದ ಕೈ ತೊಳೆದು, ಒರೆಸಿ, ಆಮೇಲೆ ಒಳಗೆ ಬರಲಿ. ತಿಂಡಿ ಒಳಗೆ ಬಾರದು, ಮಗು ಹೊರಗೆ ಉಳಿಯದು.

ಡಬ್ಬ ತರಲಾಗದ ಮಕ್ಕಳೂ ಇದ್ದಾರೆ. ನಾನು ಎರಡು ವಾರ ಎಣಿಸಿದೆ. ದಿನಕ್ಕೆ ಸುಮಾರು ಇಪ್ಪತ್ತೆರಡು ಮಕ್ಕಳು ಬರುತ್ತಾರೆ, ಅವರಲ್ಲಿ ಏಳು ಮಂದಿಯ ಕೈ ಖಾಲಿ. ಒಬ್ಬರಿಗೆ ಹತ್ತು ರೂಪಾಯಿಯಂತೆ ದಿನಕ್ಕೆ ಎಪ್ಪತ್ತು. ತಿಂಗಳಲ್ಲಿ ವಾಚನಾಲಯ ತೆರೆದಿರುವ ಸಂಜೆಗಳು ಇಪ್ಪತ್ತಾರು. ಇಪ್ಪತ್ತಾರು ಮನೆಗಳು ತಿಂಗಳಿಗೆ ಒಂದೊಂದು ದಿನ ಒಪ್ಪಿಕೊಂಡರೆ ಸಂಘದ ನಿಧಿಯಿಂದ ಒಂದು ಪೈಸೆಯೂ ಬೇಡ. ಹಣ ಬೇಡ, ತಿಂಡಿಯನ್ನೇ ತನ್ನಿ: ಶೇಂಗಾ, ಹುರಿಗಡಲೆ, ಚುರಮುರಿ, ಬಾಳೆಹಣ್ಣು. ಯಾವ ಮಗುವಿಗಾದರೂ ಶೇಂಗಾ ಒಗ್ಗದಿದ್ದರೆ ಅದನ್ನು ಮಾತ್ರ ಮೊದಲೇ ಬರೆಸಬೇಕು. ಆ ಏಳು ಮಂದಿ ಯಾರು ಎಂದು ಎತ್ತಿ ತೋರಿಸುವುದು ಬೇಡ. ಡಬ್ಬ ಎಲ್ಲರ ನಡುವೆ ಇರಲಿ, ಕೈ ಹಾಕಿದವರೆಲ್ಲ ತಿನ್ನಲಿ.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ಒಂದರಿಂದ ಇಪ್ಪತ್ತಾರರವರೆಗೆ ಗೆರೆ ಹಾಕಿದೆ. ಮೊದಲ ಸಾಲಿನಲ್ಲಿ ನಮ್ಮ ಮನೆಯ ಹೆಸರು ಬರೆದಿದ್ದೇನೆ. ಮಗಳು ಕಲೆ ಮಾಡಿದ ಎರಡು ಪುಸ್ತಕಗಳಿಗೆ ಬದಲಾಗಿ ಹೊಸ ಪ್ರತಿಗಳನ್ನು ಕಪಾಟಿನಲ್ಲಿ ಇಟ್ಟಾಗಿದೆ. ಸಮಿತಿಯವರು ಒಪ್ಪಿದರೆ ಬರುವ ಸೋಮವಾರದಿಂದಲೇ ಆರಂಭಿಸೋಣ, ಮೂರು ತಿಂಗಳು ನೋಡೋಣ. ಆಮೇಲೂ ಪುಸ್ತಕದ ಮೇಲೆ ಎಣ್ಣೆಯ ಕಲೆ ಕಂಡರೆ ಕೀಲಿಕೈಯನ್ನು ನಾನೇ ಅಧ್ಯಕ್ಷರ ಕೈಗೆ ಒಪ್ಪಿಸುತ್ತೇನೆ.